3221 ಅಂದರೆ ಯಾತರ ಲೆಕ್ಕ?

ಕಂಪ್ಯೂಟರಿನ ಮೆಮೊರಿಯಲ್ಲಿ 3221 ಎಂಬ ಸಂಖ್ಯೆ ಇದೆ ಅಂದುಕೊಳ್ಳಿ. ಅದು ಮಂಡಿಗೆ ಬಂದ ತೆಂಗಿನಕಾಯಿಗಳ ಲೆಕ್ಕ ಇರಬಹುದು. ಯಾರದೋ ಕರೆಂಟ್ ಬಿಲ್ ಇರಬಹುದು. ನಮ್ಮ 'ಕ' ಅಕ್ಷರವೂ ಇರಬಹುದು. ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ 'ಕ'ಗೆ ಸಿಕ್ಕಿರುವ ಸಂಖ್ಯೆ 3221! ಯಂತ್ರಕ್ಕೆ ಮಾತ್ರ ಎಲ್ಲವೂ ಬರೀ ಸೊನ್ನೆ-ಒಂದುಗಳ ಸಾಲು.

ಇದು ಸಂಖ್ಯೆ, ಇದು ಪಠ್ಯ, ಇದು ತಾರೀಖು ಎಂದು ಗುರುತು ಹಚ್ಚುವುದೇ ಪ್ರೋಗ್ರಾಮಿಂಗ್‌ನಲ್ಲಿ 'ಟೈಪ್' ಎಂಬುದರ ಕೆಲಸ. ಜಾವಾ, ರಸ್ಟ್‌ನಂಥ ಭಾಷೆಗಳಲ್ಲಿ ಪ್ರೋಗ್ರಾಮ್ ಓಡುವ ಮೊದಲೇ ಕಂಪೈಲರ್, ಅಂದರೆ ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್, ಈ ಗುರುತುಗಳನ್ನು ತಾಳೆ ನೋಡುತ್ತದೆ. ಹೊಂದದಿದ್ದರೆ ಅಲ್ಲೇ ನಿಲ್ಲಿಸುತ್ತದೆ. ಪೈಥಾನ್ ಓಡುವಾಗ ನೋಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ "1" ಎಂಬ ಪಠ್ಯಕ್ಕೆ 1 ಎಂಬ ಸಂಖ್ಯೆ ಕೂಡಿಸಿದರೆ ಸುಮ್ನೆ "11" ಎಂದು ಕೊಟ್ಟುಬಿಡುತ್ತದೆ.

ಆದರೆ 'ಇದು ಸಂಖ್ಯೆ' ಅಂದರಷ್ಟೇ ಸಾಕಾ? ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1998ರ ಡಿಸೆಂಬರ್‌ನಲ್ಲಿ ಮಂಗಳದತ್ತ ಹೊರಟಿತು. ದಾರಿಯಲ್ಲಿ ಅದರ ಪುಟ್ಟ ಥ್ರಸ್ಟರ್‌ಗಳು ಆಗಾಗ ಉರಿಯುತ್ತಿದ್ದವು. ಅವು ನೌಕೆಯನ್ನು ಎಷ್ಟು ತಳ್ಳಿದವು ಎಂಬುದನ್ನು ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಸಾಫ್ಟ್‌ವೇರ್ ಭೂಮಿಯಲ್ಲೇ ಲೆಕ್ಕ ಹಾಕಿ ಫೈಲಿಗೆ ಬರೆಯುತ್ತಿತ್ತು. ಬರೆದದ್ದು ಪೌಂಡ್-ಸೆಕೆಂಡ್‌ಗಳಲ್ಲಿ. ಫೈಲನ್ನು ಓದಿದ ನಾಸಾದ ಸಾಫ್ಟ್‌ವೇರ್ ಅದನ್ನು ನ್ಯೂಟನ್-ಸೆಕೆಂಡ್ ಎಂದುಕೊಂಡಿತು. ಒಂದು ಪೌಂಡ್ ಬಲ ಅಂದರೆ ಸುಮಾರು 4.45 ನ್ಯೂಟನ್. ಒಂಬತ್ತು ತಿಂಗಳ ಪಯಣದಲ್ಲಿ ಸಣ್ಣ ಸಣ್ಣ ತಪ್ಪುಗಳು ಕೂಡುತ್ತಾ ಹೋದವು. 1999ರ ಸೆಪ್ಟೆಂಬರ್ 23ರಂದು, ಸುಮಾರು 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿದ್ದ ನೌಕೆ 57 ಕಿ.ಮೀ.ಗೆ ಇಳಿದು ಮಂಗಳದ ವಾತಾವರಣಕ್ಕೆ ನುಗ್ಗಿತು. ಮತ್ತೆ ಅದರ ಸುದ್ದಿ ಬರಲೇ ಇಲ್ಲ.

ನನಗೆ ಜಾಸ್ತಿ ಕಾಡುವ ಸಂಗತಿ ಇನ್ನೊಂದಿದೆ. ನ್ಯೂಟನ್-ಸೆಕೆಂಡ್‌ನಲ್ಲೇ ಕೊಡಬೇಕು ಎಂಬ ನಿಯಮ ದಾಖಲೆಯಲ್ಲಿ ಇತ್ತು! ಮನುಷ್ಯರು ಓದಬೇಕಾದ ಕಾಗದದಲ್ಲಿದ್ದ ಆ ಮಾತು ಯಂತ್ರದವರೆಗೆ ತಲುಪಲಿಲ್ಲ. ಒಳ್ಳೆಯ ಟೈಪ್ ಅಂದರೆ ಅದೇ ಅಲ್ವಾ, ಯಂತ್ರವೂ ಓದಿ ತಾಳೆ ನೋಡಬಲ್ಲ ನಿಯಮ.

ಈಗ ಎಫ್ ಶಾರ್ಪ್ ಎಂಬ ಭಾಷೆಯಲ್ಲಿ ಅಳತೆಯನ್ನೇ ಟೈಪ್‌ನಲ್ಲಿ ಬರೆಯಬಹುದು. ಪೌಂಡ್‌ಗೆ ನ್ಯೂಟನ್ ಕೂಡಿಸಲು ಹೋದರೆ ಪ್ರೋಗ್ರಾಮ್ ಕಂಪೈಲ್ ಆಗುವುದಿಲ್ಲ. ಆದರೂ ಅಂಥ ಲೆಕ್ಕ ಫೈಲಿಗೆ ಇಳಿದ ಕೂಡಲೇ ಗುರುತು ಕಳಚಿಹೋಗುತ್ತದೆ, ಬರೀ ಅಂಕಿ ಉಳಿಯುತ್ತದೆ. ಅಂಕಿಯ ಪಕ್ಕದಲ್ಲಿ ಅಳತೆಯ ಹೆಸರನ್ನೂ ಬರೆಯುವುದು, ಓದುವ ಕಡೆ ಅದನ್ನು ಕೇಳಿ ಪಡೆಯುವುದು ಇಂದಿಗೂ ಪ್ರೋಗ್ರಾಮರ್ ಕೈಯಲ್ಲೇ ಇದೆ.