ಉಬುಂಟು ಹಾಕೋಕೆ ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕಾ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಅದನ್ನು ಉಳಿಸಿಕೊಂಡೇ ಜೊತೆಗೆ ಉಬುಂಟು ಹಾಕಬೇಕು. ನೋಡಿದ ವೀಡಿಯೊಗಳಲ್ಲೆಲ್ಲ ಮೊದಲು ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ ಅಂತಾರೆ. ಮಾಡಲೇಬೇಕಾ? ಮಾಡಿದರೆ ವಿಂಡೋಸ್‌ಗೆ ಏನಾದರೂ ಆಗುತ್ತಾ?

ಉತ್ತರ: ಉಬುಂಟುಗಾದರೆ ಬೇಡ. ಅದರಂತೆಯೇ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗಳಾದ ಫೆಡೋರಾ, ಡೆಬಿಯನ್‌ಗೂ ಬೇಡ. ಸೆಕ್ಯೂರ್ ಬೂಟ್ ಆನ್ ಇದ್ದರೂ ಇವು ಇನ್‌ಸ್ಟಾಲ್ ಆಗುತ್ತವೆ. ಇನ್ನು ಆಫ್ ಮಾಡಿದರೆ ವಿಂಡೋಸ್ ಅಳಿಸಿಹೋಗುವುದಿಲ್ಲ, ಆದರೆ ಅದಕ್ಕೆ ಬೀಗ ಬೀಳಬಹುದು. ಕೀ ನಿಮ್ಮ ಹತ್ತಿರ ಇಲ್ಲದಿದ್ದರೆ ಎರಡೂ ಒಂದೇ ಅಲ್ವಾ?

'ಆಫ್ ಮಾಡಿ' ಅನ್ನೋ ಸಲಹೆ 2012ರ ಕಾಲದ್ದು. ಆ ವರ್ಷ ವಿಂಡೋಸ್ 8 ಬಂತು. ಅದರ ಲೋಗೊ ಹಾಕಿಕೊಳ್ಳುವ ಹೊಸ ಕಂಪ್ಯೂಟರ್‌ಗಳಲ್ಲಿ ಸೆಕ್ಯೂರ್ ಬೂಟ್ ಆನ್ ಆಗಿಯೇ ಇರಬೇಕು ಅಂತ ಮೈಕ್ರೋಸಾಫ್ಟ್ ಷರತ್ತು ಹಾಕಿತು. ಸೆಕ್ಯೂರ್ ಬೂಟ್‌ನ ಕೆಲಸ ಇಷ್ಟೇ: ಪವರ್ ಬಟನ್ ಒತ್ತಿದ ಮೇಲೆ ಓಡಲು ಬರುವ ಬೂಟ್ ಪ್ರೋಗ್ರಾಮ್‌ಗೆ ತನಗೆ ಗೊತ್ತಿರುವವರ ಡಿಜಿಟಲ್ ಸಹಿ ಇದೆಯಾ ಅಂತ ಫರ್ಮ್‌ವೇರ್ (ನೀವು ಬಯಾಸ್ ಅನ್ನುವ, ಯಂತ್ರದೊಳಗೇ ಇರುವ ತಂತ್ರಾಂಶ) ನೋಡುತ್ತದೆ. ಇಲ್ಲದಿದ್ದರೆ ಓಡಲು ಬಿಡುವುದಿಲ್ಲ. ಆಪರೇಟಿಂಗ್ ಸಿಸ್ಟಮ್ ಏಳುವ ಮೊದಲೇ ಒಳಗೆ ನುಸುಳುವ ಮಾಲ್‌ವೇರ್‌ಗೆ ಇದು ತಡೆ.

ಹೆಚ್ಚಿನ ಲ್ಯಾಪ್‌ಟಾಪ್‌ಗಳು ನಂಬುವುದು ಮೈಕ್ರೋಸಾಫ್ಟ್ ಸಹಿಯನ್ನು. ಹಾಗಾಗಿ ಲಿನಕ್ಸ್‌ನವರು 'ಶಿಮ್' ಅನ್ನೋ ಪುಟ್ಟ ಪ್ರೋಗ್ರಾಮ್ ಬರೆದು, ಅದಕ್ಕೆ ಮೈಕ್ರೋಸಾಫ್ಟ್‌ನಿಂದಲೇ ಸಹಿ ಹಾಕಿಸಿಕೊಂಡರು. ಫರ್ಮ್‌ವೇರ್ ಶಿಮ್ ಅನ್ನು ಒಪ್ಪುತ್ತದೆ. ಶಿಮ್ ತನ್ನೊಳಗಿನ ಉಬುಂಟು ಕೀ ಹಿಡಿದು ಗ್ರಬ್ ಅನ್ನು, ಅಂದರೆ ಲಿನಕ್ಸ್ ಏಳಿಸುವ ಬೂಟ್ ಪ್ರೋಗ್ರಾಮನ್ನು, ಪರೀಕ್ಷಿಸುತ್ತದೆ. ಆಮೇಲೆ ಉಬುಂಟುವಿನ ತಿರುಳಾದ ಕರ್ನಲ್‌ನ ಸರದಿ. ಉಬುಂಟು 12.10ರಿಂದಲೇ ಈ ಏರ್ಪಾಡು ಇದೆ. ಡೆಬಿಯನ್ ನಿಧಾನ, 2019ರಲ್ಲಿ ಬಂತು. ವೀಡಿಯೊ ಮಾಡುವವರು ಮಾತ್ರ ಹಳೇ ಪಾಠವನ್ನೇ ಒಪ್ಪಿಸುತ್ತಿದ್ದಾರೆ.

ಈಗ ಬೀಗದ ವಿಷಯ. ವಿಂಡೋಸ್ 11ರಲ್ಲಿ, ಹೋಮ್ ಎಡಿಷನ್ ಆದರೂ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತಾಗುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ಇದೇ ಬಿಟ್‌ಲಾಕರ್. ಅದರ ಕೀ, ಕೀಗಳನ್ನು ಕಾಯುವ ಟಿಪಿಎಂ ಚಿಪ್‌ನಲ್ಲಿರುತ್ತದೆ. ಬೂಟ್ ಆಗುವ ರೀತಿ ಮೊದಲಿನ ಹಾಗೇ ಇದ್ದರೆ ಮಾತ್ರ ಚಿಪ್ ಆ ಕೀ ಕೊಡುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದಿರೋ, ರೀತಿ ಬದಲಾಯಿತು. ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ.

ಆದ್ದರಿಂದ ಬಯಾಸ್ ಕಡೆ ತಲೆ ಹಾಕುವ ಮೊದಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ. ಡಿವೈಸಸ್ ಪುಟದಲ್ಲಿ ಈ ಲ್ಯಾಪ್‌ಟಾಪ್‌ನ ರಿಕವರಿ ಕೀ ಹುಡುಕಿ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿದರೆ ಪ್ರಯೋಜನ ಇಲ್ಲ. ಅಂಗಡಿಯವರೇ ತಮ್ಮ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಹುಷಾರು, ಕೀ ಅವರ ಖಾತೆಗೆ ಹೋಗಿರುತ್ತದೆ. ಆಗಲೇ ಆಫ್ ಮಾಡಿ ನೀಲಿ ಪರದೆ ನೋಡುತ್ತಾ ಕೂತಿದ್ದೀರಾ? ಗಾಬರಿ ಬೇಡ. ಮತ್ತೆ ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆನ್ ಮಾಡಿ. ಸಾಮಾನ್ಯವಾಗಿ ವಿಂಡೋಸ್ ಮೊದಲಿನಂತೆ ಏಳುತ್ತದೆ.

ಇನ್ನೊಂದು ಮಾತು ಜಾಸ್ತಿ ಜನ ಹೇಳುವುದಿಲ್ಲ. ಸೆಕ್ಯೂರ್ ಬೂಟ್ ಮುಟ್ಟದಿದ್ದರೂ, ಗ್ರಬ್ ಮೆನುವಿನಿಂದ ವಿಂಡೋಸ್ ಆರಿಸಿದಾಗ ಬಿಟ್‌ಲಾಕರ್ ಕೀ ಕೇಳಬಹುದು. ನಡುವೆ ಶಿಮ್ ಬಂದದ್ದನ್ನೂ ಟಿಪಿಎಂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಗಾದರೆ ಗ್ರಬ್ ಬಿಟ್ಟು ಲ್ಯಾಪ್‌ಟಾಪ್‌ನ ಬೂಟ್ ಮೆನುವಿನಿಂದಲೇ ವಿಂಡೋಸ್ ತೆರೆಯಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9.

ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೆ, ಅದರ ಡ್ರೈವರ್‌ನ ಸಹಿಯನ್ನೂ ನಂಬಿಸಬೇಕು. ಅದಕ್ಕಾಗಿ ಇನ್‌ಸ್ಟಾಲ್ ಮಾಡುವಾಗ ಉಬುಂಟು ಒಂದು ಪಾಸ್‌ವರ್ಡ್ ಇಡಲು ಹೇಳಬಹುದು. ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' ಕಾಣುತ್ತದೆ. ಅದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತದಿದ್ದರೆ ಪರದೆ ಸುಮ್ನೆ ಮುಂದೆ ಹೋಗಿಬಿಡುತ್ತದೆ, ಡ್ರೈವರ್ ಕೆಲಸ ಮಾಡುವುದಿಲ್ಲ. 'ನನ್ನ ಗ್ರಾಫಿಕ್ಸ್ ಕಾರ್ಡ್ ಲಿನಕ್ಸ್‌ನಲ್ಲಿ ಓಡಲ್ಲ' ಅನ್ನೋ ಎಷ್ಟೋ ದೂರುಗಳ ಮೂಲ ಈ ಹತ್ತು ಸೆಕೆಂಡು.

ಆಫ್ ಮಾಡಲೇಬೇಕಾದ ಸಂದರ್ಭಗಳೂ ಇವೆ. ಆರ್ಚ್ ಲಿನಕ್ಸ್‌ನ ಇನ್‌ಸ್ಟಾಲರ್ ಸೆಕ್ಯೂರ್ ಬೂಟ್ ಆನ್ ಇದ್ದರೆ ಬೂಟ್ ಆಗುವುದೇ ಇಲ್ಲ. ಕೀ ಕೈಯಲ್ಲಿದ್ದರೆ ಆಫ್ ಮಾಡಲು ಹೆದರಬೇಡಿ. ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್ ಒಳಗಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಿಂದ ಫರ್ಮ್‌ವೇರ್ ಸೆಟ್ಟಿಂಗ್‌ಗೆ ಹೋಗಬಹುದು. ಏಸರ್‌ಗಳಲ್ಲಿ ಸೆಕ್ಯೂರ್ ಬೂಟ್ ಆಯ್ಕೆ ಮಂಕಾಗಿದ್ದರೆ ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಇಡಬೇಕು. ಮನೆಯಲ್ಲಿ ಯಾರಾದರೂ ವ್ಯಾಲೊರಂಟ್ ಆಡುತ್ತಿದ್ದರೆ ಮಾತ್ರ ಮೊದಲೇ ಹೇಳಿಬಿಡಿ. ವಿಂಡೋಸ್ 11ರಲ್ಲಿ ಆ ಆಟಕ್ಕೆ ಸೆಕ್ಯೂರ್ ಬೂಟ್ ಆನ್ ಇರಲೇಬೇಕು.

ಫರ್ಮ್‌ವೇರ್ ಸೆಟ್ಟಿಂಗ್‌ಗೆ ಹೋದಾಗ 'ಕ್ಲಿಯರ್ ಟಿಪಿಎಂ' ಮುಟ್ಟಬೇಡಿ. ಲೆಗಸಿ ಮೋಡ್‌ಗೂ (ಹಳೇ ಕಾಲದ ಬೂಟ್ ರೀತಿ) ಬದಲಾಯಿಸಬೇಡಿ, ವಿಂಡೋಸ್ 11 ಏಳುವುದಿಲ್ಲ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಅದು ಸೆಕ್ಯೂರ್ ಬೂಟ್ ತಪ್ಪಲ್ಲ. ಇಂಟೆಲ್ ಯಂತ್ರಗಳಲ್ಲಿ ಆರ್‌ಎಸ್‌ಟಿ ಅಥವಾ ವಿಎಂಡಿ ಅನ್ನೋ ಡಿಸ್ಕ್ ಸೆಟ್ಟಿಂಗ್ ಆನ್ ಇದ್ದರೆ ಹಾಗಾಗಬಹುದು. ಅದನ್ನು ಏಕಾಏಕಿ ಆಫ್ ಮಾಡಿದರೂ ವಿಂಡೋಸ್ ಮುಗ್ಗರಿಸುತ್ತದೆ. ಮೊದಲು ವಿಂಡೋಸ್ ಅನ್ನು ಸೇಫ್ ಮೋಡ್‌ಗೆ ಸೆಟ್ ಮಾಡಿ, ಆಮೇಲೆ ಬದಲಾಯಿಸಿ.

ಎಲ್ಲ ಸರಿಯಾಗಿ ಕೂತ ಮೇಲೂ ರಿಕವರಿ ಕೀ ಬರೆದ ಆ ಕಾಗದ ಎಸೆಯಬೇಡಿ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಹಳೆಯ ಶಿಮ್‌ಗಳನ್ನು ತಡೆಹಿಡಿಯಿತು. ಎಷ್ಟೋ ಜನರ ಲಿನಕ್ಸ್ 'ಸೆಕ್ಯೂರಿಟಿ ಪಾಲಿಸಿ ವಯಲೇಷನ್' ಅಂತ ತೋರಿಸಿ ನಿಂತುಬಿಟ್ಟಿತು. ಅದರಿಂದ ಪಾರಾಗಲು ಸೆಕ್ಯೂರ್ ಬೂಟ್ ಆಫ್ ಮಾಡಿ, ಉಬುಂಟುವಿಗೆ ಹೋಗಿ ಆ ತಡೆಪಟ್ಟಿಯನ್ನು ಅಳಿಸಿ, ಮತ್ತೆ ಆನ್ ಮಾಡಬೇಕಾಯಿತು.