ಒಂದೇ ಗೆರೆಯಿಂದ ಓಡಿಸುವ ಕಷ್ಟ: ಹಾರಾಟದ ಕಾಲದಿಂದ ಅಣುವನ್ನು ತೂಗುವ ಯಂತ್ರ ಬೆಳೆದು ಬಂದ ಬಗೆ

ಮೂಡಿಗೆರೆಯ ಒಂದು ತೋಟದ ಕಣದಲ್ಲಿ ಒಣಗಿದ ರೋಬಸ್ಟಾ ಬೀಜವನ್ನು ಹುರಿದು, ಪುಡಿ ಮಾಡಿ, ಡಿಕಾಕ್ಷನ್ ಇಳಿಸಿದರೆ ಆ ಒಂದು ಲೋಟದಲ್ಲಿ ನೂರಾರು ಬಗೆಯ ಅಣುಗಳಿರುತ್ತವೆ. ಅವುಗಳ ಪೈಕಿ ಎರಡನ್ನು ಈ ಲೇಖನದ ಉದ್ದಕ್ಕೂ ಜೊತೆಗಿಟ್ಟುಕೊಳ್ಳೋಣ. ಒಂದು, ಎಲ್ಲರಿಗೂ ಗೊತ್ತಿರುವ ಕೆಫೀನ್. ಇನ್ನೊಂದು ಫೆರುಲಿಕ್ ಆಮ್ಲ. ಇದು ಕಾಫಿಯಲ್ಲಿ ಬಹುಪಾಲು ಕ್ವಿನಿಕ್ ಆಮ್ಲದೊಡನೆ ಬೆಸೆದುಕೊಂಡು, ಅಲ್ಪ ಪ್ರಮಾಣದಲ್ಲಿ ಬಿಡಿಯಾಗಿ ಇರುತ್ತದೆ. ಒಂದು ಪ್ರೋಟಾನ್ ಸೇರಿಕೊಂಡು ಧನ ಅಯಾನುಗಳಾದಾಗ ಕೆಫೀನಿನ ದ್ರವ್ಯರಾಶಿ 195.0877 ಡಾಲ್ಟನ್ (ಅಣುಗಳನ್ನು ತೂಗುವ ಮಾನ), ಫೆರುಲಿಕ್ ಆಮ್ಲದ್ದು 195.0652 ಡಾಲ್ಟನ್. ಪೂರ್ಣಾಂಕದಲ್ಲಿ ನೋಡಿದರೆ ಎರಡೂ 195. ನಡುವಿನ ಅಂತರ 0.0225 ಮಾತ್ರ. ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸಬೇಕಾದರೆ ಯಂತ್ರದ ಪೃಥಕ್ಕರಣ ಸಾಮರ್ಥ್ಯ, ಅಂದರೆ ದ್ರವ್ಯರಾಶಿಯನ್ನು ಅಂತರದಿಂದ ಭಾಗಿಸಿದಾಗ ಬರುವ ಸಂಖ್ಯೆ, ಸುಮಾರು 8,700 ಇರಬೇಕು. ಟೈಮ್ ಆಫ್ ಫ್ಲೈಟ್, ಚಿಕ್ಕದಾಗಿ ಟಿಓಎಫ್ ಎಂದು ಕರೆಯಲಾಗುವ ದ್ರವ್ಯರಾಶಿ ರೋಹಿತಮಾಪಕಕ್ಕೆ ಈ ಕೆಲಸ ಸಲೀಸಾಗಲು ಸುಮಾರು 5 ದಶಕಗಳು ಹಿಡಿದವು.

ಯಂತ್ರದ ಮೂಲ ತತ್ತ್ವ ಪಿಯುಸಿ ಭೌತಶಾಸ್ತ್ರದ ಮಟ್ಟದ್ದು. ಸಾಲಗಾಮೆ ರಸ್ತೆಯಲ್ಲಿರುವ, ಹಾಸನದವರೆಲ್ಲ ಎಂಸಿಎಫ್ ಎಂದೇ ಕರೆಯುವ ಇಸ್ರೋ ಕೇಂದ್ರದಲ್ಲಿ ಉಪಗ್ರಹ ಎಷ್ಟು ದೂರದಲ್ಲಿದೆ ಎಂಬುದನ್ನು ಸಂಕೇತ ಹೋಗಿ ಬರಲು ತೆಗೆದುಕೊಂಡ ಕಾಲದಿಂದ ಲೆಕ್ಕ ಹಾಕುತ್ತಾರೆ. ಅಲ್ಲಿ ವೇಗ ಗೊತ್ತಿದೆ, ಕಾಲದಿಂದ ದೂರ ಸಿಗುತ್ತದೆ. ಟಿಓಎಫ್‌ನಲ್ಲಿ ದೂರ ಗೊತ್ತಿದೆ, ಕಾಲದಿಂದ ವೇಗ, ವೇಗದಿಂದ ದ್ರವ್ಯರಾಶಿ ಸಿಗುತ್ತದೆ. ಒಂದೇ ವಿದ್ಯುದಾವೇಶವಿರುವ ಅಯಾನುಗಳನ್ನೆಲ್ಲ ಒಂದೇ ವೋಲ್ಟೇಜಿನಿಂದ ತಳ್ಳಿದರೆ ಎಲ್ಲಕ್ಕೂ ಒಂದೇ ಚಲನಶಕ್ತಿ ಬರುತ್ತದೆ. ಹಗುರವಾದದ್ದು ಬೇಗ ಓಡುತ್ತದೆ, ಭಾರವಾದದ್ದು ನಿಧಾನವಾಗಿ ಬರುತ್ತದೆ, ಹಾರಾಟದ ಕಾಲ ದ್ರವ್ಯರಾಶಿಯ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ನಮ್ಮ ಕೆಫೀನ್ ಅಯಾನನ್ನು 20,000 ವೋಲ್ಟ್‌ಗಳಿಂದ ತಳ್ಳಿ 1 ಮೀಟರ್ ಉದ್ದದ ನಿರ್ವಾತ ನಳಿಕೆಯಲ್ಲಿ ಓಡಿಸಿದರೆ ಅದು ಸುಮಾರು 7.1 ಮೈಕ್ರೋಸೆಕೆಂಡಿನಲ್ಲಿ ಗುರಿ ಮುಟ್ಟುತ್ತದೆ. ಫೆರುಲಿಕ್ ಆಮ್ಲ ಅದಕ್ಕಿಂತ ಸುಮಾರು 0.4 ನ್ಯಾನೋಸೆಕೆಂಡ್ ಮೊದಲೇ ಮುಟ್ಟಿರುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕೇ 12 ಸೆಂಟಿಮೀಟರ್ ಮಾತ್ರ ಸಾಗುತ್ತದೆ.

ಸಮೀಕರಣ ಇಷ್ಟು ಸರಳವಾಗಿರುವಾಗ ಕಷ್ಟವೆಲ್ಲಿತ್ತು ಎಂದರೆ, ಓಟ ಶುರುವಾಗುವ ಜಾಗದಲ್ಲಿ. ಮಲೆನಾಡಿನ ಕೆಸರುಗದ್ದೆ ಓಟವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಯ ಅಂಚಿನಲ್ಲಿ ಒಬ್ಬ ಒಂದು ಅಡಿ ಮುಂದೆ ನಿಂತಿರುತ್ತಾನೆ, ಇನ್ನೊಬ್ಬ ಹಿಂದೆ. ಒಬ್ಬನ ಕಾಲು ಆಗಲೇ ಮುಂದಕ್ಕೆ ಚಾಚಿದೆ, ಮತ್ತೊಬ್ಬ ಜಾರಿ ಹಿಂದಕ್ಕೆ ವಾಲಿದ್ದಾನೆ. ಅಯಾನುಗಳೂ ಹೀಗೆಯೇ. ಅವು ಹುಟ್ಟುವ ಜಾಗ ಒಂದು ಬಿಂದುವಲ್ಲ, ಹುಟ್ಟುವಾಗ ಅವು ನಿಶ್ಚಲವಾಗಿಯೂ ಇರುವುದಿಲ್ಲ. ಆರಂಭದ ಈ ಅಸಮಾನತೆ ಉಳಿದುಕೊಂಡರೆ, ಒಂದೇ ದ್ರವ್ಯರಾಶಿಯ ಅಯಾನುಗಳು ಒಟ್ಟಿಗೆ ಬರುವ ಬದಲು ಚದುರಿಕೊಂಡು ಬರುತ್ತವೆ, ಪಕ್ಕದ ದ್ರವ್ಯರಾಶಿಯ ಗುಂಪಿನೊಂದಿಗೆ ಬೆರೆತುಹೋಗುತ್ತವೆ. ಟಿಓಎಫ್ ವಿನ್ಯಾಸದ ಇತಿಹಾಸ, ನನ್ನ ದೃಷ್ಟಿಯಲ್ಲಿ, ಈ ಅಸಮಾನತೆಯನ್ನು ಒಂದೊಂದಾಗಿ ಸರಿಪಡಿಸುತ್ತ ಬಂದ ಇತಿಹಾಸ.

ದ್ರವ್ಯರಾಶಿಯ ಮೇಲೆ ಅಯಾನುಗಳನ್ನು ಬೇರ್ಪಡಿಸುವ ವಿದ್ಯೆ ಅದಕ್ಕೂ ಹಳೆಯದು. ಜೆ.ಜೆ. ಥಾಮ್ಸನ್ 1912-13ರ ಹೊತ್ತಿಗೆ ನಿಯಾನ್ ಅನಿಲದಲ್ಲಿ 20 ಮತ್ತು 22 ಎಂಬ ಎರಡು ದ್ರವ್ಯರಾಶಿಗಳಿರುವುದನ್ನು ಕಂಡರು. ಅವರ ಶಿಷ್ಯ ಆಸ್ಟನ್ 1919ರಲ್ಲಿ ಇನ್ನೂ ನಿಖರವಾದ ಯಂತ್ರವನ್ನು ಕಟ್ಟಿ 1922ರ ನೊಬೆಲ್ ಪಡೆದರು. ಅವೆಲ್ಲ ಆಯಸ್ಕಾಂತದಿಂದ ಅಯಾನುಗಳ ದಾರಿಯನ್ನು ಬಾಗಿಸುವ ಯಂತ್ರಗಳು. ಆಯಸ್ಕಾಂತವೇ ಬೇಡ, ಕಾಲ ಸಾಕು ಎಂದು 1946ರಲ್ಲಿ ಅಮೆರಿಕನ್ ಫಿಸಿಕಲ್ ಸೊಸೈಟಿಯ ಸಭೆಯಲ್ಲಿ ಹೇಳಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿಲಿಯಂ ಸ್ಟೀಫನ್ಸ್. ಮೈಕ್ರೋಸೆಕೆಂಡುಗಳನ್ನು ಲೆಕ್ಕಿಸುವ ಎಲೆಕ್ಟ್ರಾನಿಕ್ಸ್ ಯುದ್ಧಕಾಲದ ರಾಡಾರ್ ಕೆಲಸದಿಂದಾಗಿ ಆಗಷ್ಟೇ ಕೈಗೆಟುಕಿತ್ತು. 1948ರಲ್ಲಿ ಓಕ್ ರಿಜ್‌ನ ಕ್ಯಾಮರಾನ್ ಮತ್ತು ಎಗರ್ಸ್ ಇಂಥ ಯಂತ್ರವನ್ನು ಕಟ್ಟಿ ಅದರ ವರದಿಯನ್ನು ಪ್ರಕಟಿಸಿದರು. ಅದು ಕೆಲಸ ಮಾಡಿತು ಎನ್ನುವುದೇ ಅದರ ಹೆಗ್ಗಳಿಕೆ. ಪೃಥಕ್ಕರಣ ಸಾಮರ್ಥ್ಯ ಬಹಳ ಕಡಿಮೆಯಿತ್ತು.

ಮೊದಲ ನಿಜವಾದ ತಿದ್ದುಪಡಿ ಬಂದದ್ದು 1955ರಲ್ಲಿ, ಬೆಂಡಿಕ್ಸ್ ಕಂಪನಿಯ ವೈಲಿ ಮತ್ತು ಮೆಕ್‌ಲಾರೆನ್ ಅವರ ಒಂದು ಪ್ರಬಂಧದಲ್ಲಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಮುಂದಿನ 40 ವರ್ಷಗಳ ಸಾಮಗ್ರಿ ಅದರಲ್ಲಿತ್ತು. ಅವರು ಎರಡು ದೋಷಗಳನ್ನು ಬಿಡಿಸಿ ನೋಡಿದರು. ಮೊದಲನೆಯದು ಜಾಗದ ದೋಷ. ಹಿಂದೆ ನಿಂತ ಅಯಾನು ವಿದ್ಯುತ್ ಕ್ಷೇತ್ರದಲ್ಲಿ ಹೆಚ್ಚು ದೂರ ಸಾಗುವುದರಿಂದ ಹೆಚ್ಚು ಶಕ್ತಿ ಪಡೆಯುತ್ತದೆ, ಆದ್ದರಿಂದ ಎಲ್ಲೋ ಒಂದು ಕಡೆ ಅದು ಮುಂದೆ ನಿಂತಿದ್ದ ಅಯಾನನ್ನು ಹಿಡಿದೇ ಹಿಡಿಯುತ್ತದೆ. ಹಿಡಿಯುವ ಆ ಜಾಗದಲ್ಲಿ ಡಿಟೆಕ್ಟರ್ ಇಟ್ಟರೆ ಇಬ್ಬರೂ ಒಟ್ಟಿಗೆ ಬಂದಂತಾಗುತ್ತದೆ. ಆದರೆ ಒಂದೇ ಕ್ಷೇತ್ರವಿದ್ದರೆ ಆ ಜಾಗ ಹೊರಟಲ್ಲಿಗೆ ತೀರ ಹತ್ತಿರದಲ್ಲಿದ್ದು, ಬೇರೆಬೇರೆ ದ್ರವ್ಯರಾಶಿಗಳು ಬೇರ್ಪಡುವುದಕ್ಕೆ ಎಡೆಯೇ ಸಿಗುವುದಿಲ್ಲ. ಒಂದರ ಹಿಂದೆ ಒಂದು ಎರಡು ಕ್ಷೇತ್ರಗಳನ್ನಿಟ್ಟು ಅವುಗಳ ಪ್ರಮಾಣವನ್ನು ಹೊಂದಿಸಿದರೆ ಅದನ್ನು ಬೇಕಾದಷ್ಟು ದೂರಕ್ಕೆ ಒಯ್ಯಬಹುದು ಎಂದು ಅವರು ತೋರಿಸಿದರು.

ಎರಡನೆಯದು ವೇಗದ ದೋಷ. ಅದಕ್ಕೆ ಅವರು ಕಂಡುಕೊಂಡ ಉಪಾಯ, ಕಾಯುವುದು. ಅಯಾನುಗಳು ಹುಟ್ಟಿದೊಡನೆ ತಳ್ಳದೆ ಸ್ವಲ್ಪ ಹೊತ್ತು ಬಿಟ್ಟರೆ ಹುಟ್ಟಿನಿಂದಲೇ ಮುಂದಕ್ಕೆ ಚಲಿಸುತ್ತಿದ್ದಂಥವು ಡಿಟೆಕ್ಟರ್ ಕಡೆಗೆ ಸರಿದಿರುತ್ತವೆ, ಉಳಿದವು ಹಿಂದೆ ಇರುತ್ತವೆ. ಆಗ ಕ್ಷೇತ್ರವನ್ನು ಹಚ್ಚಿದರೆ ಹಿಂದಿನವುಗಳಿಗೆ ಹೆಚ್ಚು ತಳ್ಳು ಸಿಕ್ಕಿ ಅವು ಮುಂದಿನವುಗಳನ್ನು ಕೂಡಿಕೊಳ್ಳುತ್ತವೆ. ಕೆಲವು ನೂರರಷ್ಟು ಪೃಥಕ್ಕರಣ ಸಾಮರ್ಥ್ಯದ ಬೆಂಡಿಕ್ಸ್ ಯಂತ್ರ ಮಾರುಕಟ್ಟೆಗೆ ಬಂತು. ಅದು ಸೆಕೆಂಡಿಗೆ ಹತ್ತು ಸಾವಿರ ಸಲ ಅಯಾನುಗಳನ್ನು ತಳ್ಳಿ, ಪ್ರತಿ ಸಲವೂ ಇಡೀ ರೋಹಿತವನ್ನು, ಅಂದರೆ ಒಂದೊಂದು ದ್ರವ್ಯರಾಶಿಗೆ ಒಂದೊಂದು ಶಿಖರವಿರುವ ನಕ್ಷೆಯನ್ನು, ಆಸಿಲೋಸ್ಕೋಪಿನ ಪರದೆಯ ಮೇಲೆ ತೋರಿಸುತ್ತಿತ್ತು. ಡೌ ಕಂಪನಿಯ ಗೋಲ್ಕೆ ಮತ್ತು ಮೆಕ್‌ಲಾಫರ್ಟಿ ಈ ವೇಗವನ್ನು ಕಂಡು, ಮಿಶ್ರಣದ ಪದಾರ್ಥಗಳನ್ನು ಅನಿಲರೂಪದಲ್ಲಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫಿನಿಂದ ಒಂದರ ಹಿಂದೊಂದು ಹೊರಬರುವ ಪದಾರ್ಥಗಳನ್ನು ನೇರವಾಗಿ ಇದಕ್ಕೆ ಹರಿಸಿದರು. ಕಾಫಿಯ ಪರಿಮಳದಲ್ಲಿ ಏನೇನಿದೆ ಎಂದು ಇಂದು ಹೇಳಲು ಸಾಧ್ಯವಾಗಿರುವುದರ ಹಿಂದೆ ಈ ಜೋಡಣೆಯ ಪಾಲು ದೊಡ್ಡದು. ಆದರೆ ಕೆಫೀನ್ ಮತ್ತು ಫೆರುಲಿಕ್ ಆಮ್ಲದ ಅಯಾನುಗಳು ಆ ಯಂತ್ರಕ್ಕೆ ಒಂದೇ.

ಮುಂದಿನ ಹೆಜ್ಜೆ ಸೋವಿಯತ್ ಒಕ್ಕೂಟದ್ದು, ಮತ್ತು ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಚೆಲುವಾಗಿ ಕಾಣುವ ಯೋಚನೆ ಇದೇ. ಅಲಿಖಾನೋವ್ 1950ರ ದಶಕದಲ್ಲಿ ಸೂಚಿಸಿದ್ದ ಪ್ರತಿಫಲನದ ವಿಚಾರವನ್ನು ಲೆನಿನ್‌ಗ್ರಾಡಿನ ಬೋರಿಸ್ ಮಾಮಿರಿನ್ ಕೈಗೆತ್ತಿಕೊಂಡು, 1973ರಲ್ಲಿ ಸಹೋದ್ಯೋಗಿಗಳೊಂದಿಗೆ ವಿವರವಾಗಿ ಪ್ರಕಟಿಸಿದರು. ಅದರ ಹೆಸರು ರಿಫ್ಲೆಕ್ಟ್ರಾನ್. ಸಕಲೇಶಪುರದ ಕಡೆಯ ದಿಬ್ಬದ ರಸ್ತೆಗಳಲ್ಲಿ ಮಕ್ಕಳು ಹಳೆಯ ಟಯರ್ ಉರುಳಿಸುವುದನ್ನು ನೆನೆಯಿರಿ. ಇಳಿಜಾರಿನಲ್ಲಿ ಜೋರಾಗಿ ಬಂದ ಟಯರ್ ಎದುರಿನ ಏರಿನಲ್ಲಿ ಹೆಚ್ಚು ಎತ್ತರಕ್ಕೆ ಹತ್ತುತ್ತದೆ, ಆದ್ದರಿಂದಲೇ ಅದು ಹತ್ತಿ ಇಳಿದು ಬರುವುದು ತಡವಾಗುತ್ತದೆ. ನಿಧಾನವಾಗಿ ಬಂದದ್ದು ಸ್ವಲ್ಪವೇ ಹತ್ತಿ ಬೇಗ ಹಿಂದಿರುಗುತ್ತದೆ. ಮಾಮಿರಿನ್ ನಳಿಕೆಯ ಕೊನೆಯಲ್ಲಿ ಡಿಟೆಕ್ಟರಿನ ಬದಲು ಇಂಥ ಏರನ್ನು, ಅಂದರೆ ಅಯಾನುಗಳನ್ನು ಹಿಂದಕ್ಕೆ ತಳ್ಳುವ ವಿದ್ಯುತ್ ಕ್ಷೇತ್ರವನ್ನು ಇಟ್ಟರು. ಬಯಲಿನ ಓಟದಲ್ಲಿ ವೇಗದ ಅಯಾನು ಎಷ್ಟು ಕಾಲ ಉಳಿಸಿತೋ ಅಷ್ಟನ್ನೇ ಏರಿನಲ್ಲಿ ಕಳೆಯುವಂತೆ ಹೊಂದಿಸಿದರೆ, ಒಂದೇ ದ್ರವ್ಯರಾಶಿಯ ಅಯಾನುಗಳು, ಶಕ್ತಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಿದ್ದರೂ, ಜೊತೆಯಾಗಿ ಮರಳುತ್ತವೆ. ದಾರಿಯೂ ಎರಡರಷ್ಟಾಗುತ್ತದೆ, ಅದು ಇನ್ನೊಂದು ಲಾಭ. 1986ರಲ್ಲಿ ಹ್ಯಾಲಿ ಧೂಮಕೇತುವಿನ ಬಳಿ ಹಾದುಹೋದ ಜಿಯೊಟ್ಟೊ ಮತ್ತು ವೆಗಾ ನೌಕೆಗಳಲ್ಲಿ ಧೂಳಿನ ಕಣಗಳನ್ನು ಪರೀಕ್ಷಿಸಿದ್ದು ಈ ಬಗೆಯ ಯಂತ್ರಗಳೇ.

ಇಷ್ಟಾದರೂ 1980ರ ದಶಕದ ಮಧ್ಯದವರೆಗೆ ಟಿಓಎಫ್ ಮೂಲೆಯ ಯಂತ್ರವಾಗಿಯೇ ಇತ್ತು. ಅದನ್ನು ನಡುಮನೆಗೆ ತಂದದ್ದು ವಿನ್ಯಾಸಕ್ಕಿಂತ ಹೆಚ್ಚಾಗಿ ಅಯಾನು ಮಾಡುವ ಹೊಸ ಬಗೆ. ಜರ್ಮನಿಯ ಕರಾಸ್ ಮತ್ತು ಹಿಲೆನ್‌ಕಾಂಪ್, ಜಪಾನಿನ ಶಿಮಾದ್ಜು ಕಂಪನಿಯ ಕೊಯಿಚಿ ತನಾಕಾ ಇವರು 1987-88ರ ಹೊತ್ತಿಗೆ ಪ್ರೋಟೀನಿನಂಥ ದೊಡ್ಡ ಅಣುಗಳನ್ನು ಲೇಸರ್ ಹೊಡೆತದಿಂದ ಒಡೆಯದೆ ಅಯಾನಾಗಿಸಿ ಮೇಲೆಬ್ಬಿಸುವುದನ್ನು ಸಾಧಿಸಿದರು. ತನಾಕಾ ಅವರಿಗೆ 2002ರ ನೊಬೆಲಿನಲ್ಲಿ ಪಾಲು ಸಿಕ್ಕಿತು. ಲೇಸರ್ ಮಿಡಿತವೇ ಓಟದ ಪಿಸ್ತೂಲಾಯಿತು, ಎಷ್ಟೇ ಭಾರದ ಅಯಾನಾದರೂ ಕಾಯ್ದರೆ ಬರುತ್ತದೆ, ಹೀಗಾಗಿ ಈ ವಿಧಾನಕ್ಕೆ ಟಿಓಎಫ್ ಹೇಳಿ ಮಾಡಿಸಿದಂತಿತ್ತು. ಆದರೆ ಲೇಸರ್ ಎಬ್ಬಿಸಿದ ಅಯಾನುಗಳ ಆರಂಭದ ವೇಗಗಳು ಬಹಳ ಚದುರಿದ್ದವು. ಪರಿಹಾರ 1990ರ ದಶಕದ ಮಧ್ಯದಲ್ಲಿ ಸಿಕ್ಕಿತು: ಸ್ವಲ್ಪ ಕಾದು ತಳ್ಳುವುದು. ವೈಲಿ ಮತ್ತು ಮೆಕ್‌ಲಾರೆನ್ 1955ರಲ್ಲಿ ಹೇಳಿದ್ದೇ. ಇಂದು ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ಜಾತಿಯನ್ನು ಅದರ ಪ್ರೋಟೀನುಗಳ ದ್ರವ್ಯರಾಶಿಯ ಮಾದರಿಯಿಂದ ಕೆಲವೇ ನಿಮಿಷಗಳಲ್ಲಿ ಗುರುತಿಸುವುದು ಈ ಯಂತ್ರವೇ.

ಡಿಕಾಕ್ಷನ್ನಿನಂಥ ದ್ರವದ ಮಾದರಿಗೆ ಬೇರೆ ದಾರಿ ಬೇಕಾಯಿತು. ಅಲ್ಲಿ ಅಯಾನುಗಳು ಮಿಡಿತಗಳಾಗಿ ಅಲ್ಲ, ನಲ್ಲಿಯ ನೀರಿನಂತೆ ಸತತವಾಗಿ ಬರುತ್ತವೆ. ಇದರ ಜೊತೆಗೆ, ರಿಫ್ಲೆಕ್ಟ್ರಾನ್ ಕೂಡ ಸರಿಪಡಿಸಲಾಗದ ಒಂದು ದೋಷವಿದೆ. ಸಮಾನ ವೇಗದ ಎರಡು ಅಯಾನುಗಳಲ್ಲಿ ಒಂದು ಡಿಟೆಕ್ಟರಿನ ಕಡೆಗೂ ಇನ್ನೊಂದು ವಿರುದ್ಧ ದಿಕ್ಕಿಗೂ ಹೊರಟಿದ್ದರೆ, ಎರಡನೆಯದು ಮೊದಲು ನಿಂತು, ತಿರುಗಿ, ಹೊರಟ ಜಾಗಕ್ಕೆ ಅದೇ ವೇಗದಲ್ಲಿ ಮರಳಬೇಕು. ಆಮೇಲೆ ಅದರ ಶಕ್ತಿ ಮೊದಲನೆಯದಕ್ಕೆ ಸರಿಸಮವಾಗಿರುತ್ತದೆ. ಶಕ್ತಿಯಲ್ಲಿ ಭೇದವೇ ಇಲ್ಲದಿರುವುದರಿಂದ ಯಾವ ಏರೂ ಅವನ್ನು ಒಟ್ಟುಗೂಡಿಸಲಾರದು. ಹೀಗೆ ತಿರುಗುವುದರಲ್ಲಿ ಕಳೆಯುವ ಕಾಲ ನಮ್ಮ 0.4 ನ್ಯಾನೋಸೆಕೆಂಡಿನ ಹತ್ತಾರು ಪಟ್ಟು ಇರಬಹುದು. ಸೋವಿಯತ್ ಒಕ್ಕೂಟದಲ್ಲಿ ದೋದೊನೋವ್, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಡಾಸನ್ ಮತ್ತು ಗಿಲ್‌ಹಾಸ್ 1980ರ ದಶಕದ ಕೊನೆಯ ಭಾಗದಲ್ಲಿ ಎರಡೂ ಕಷ್ಟಗಳಿಗೆ ಒಂದೇ ಮದ್ದು ಕಂಡುಕೊಂಡರು. ಅಯಾನುಗಳನ್ನು ತೆಳುವಾದ ಸಾಲಾಗಿ ಒಂದು ದಿಕ್ಕಿನಲ್ಲಿ ಹರಿಯಬಿಟ್ಟು, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಇಡೀ ಸಾಲನ್ನು ಒಮ್ಮೆಲೇ ತಳ್ಳುವುದು. ತಳ್ಳುವ ದಿಕ್ಕಿನಲ್ಲಿ ಅಯಾನುಗಳಿಗೆ ಸ್ವಂತ ವೇಗ ಅಷ್ಟಾಗಿ ಇರುವುದಿಲ್ಲ, ತಿರುಗುವ ಪ್ರಶ್ನೆ ಬಹುಮಟ್ಟಿಗೆ ಕರಗುತ್ತದೆ. 1996ರಲ್ಲಿ ಇದರ ಮುಂದೆ, ಬೇಕಾದ ದ್ರವ್ಯರಾಶಿಯ ಅಯಾನುಗಳನ್ನಷ್ಟೇ ಒಳಬಿಡುವ ಕ್ವಾಡ್ರುಪೋಲ್ ಶೋಧಕವನ್ನು ಜೋಡಿಸಿದ ಕ್ಯೂ-ಟಿಓಎಫ್ ಬಂತು. ಕೆಫೀನ್ ಮತ್ತು ಫೆರುಲಿಕ್ ಆಮ್ಲ ಎರಡು ಬೇರೆ ಶಿಖರಗಳಾಗಿ ಕಾಣುವುದು ಈ ಪೀಳಿಗೆಯ ಯಂತ್ರಗಳಿಂದ ಸಾಮಾನ್ಯ ಸಂಗತಿಯಾಯಿತು.

ಗಡಿಯಾರದ ಕಥೆಯೂ ಇದರ ಜೊತೆಗೇ ನಡೆದಿದೆ. ಮೊದಲು ಬಳಸುತ್ತಿದ್ದ ಎಣಿಕೆಯ ಸರ್ಕ್ಯೂಟ್‌ಗಳು ಒಂದು ಅಯಾನು ಬಂದು ತಾಗಿದ ಕ್ಷಣವನ್ನು ಚೆನ್ನಾಗಿ ಗುರುತಿಸುತ್ತಿದ್ದವು, ಆದರೆ ಅದೇ ಕ್ಷಣದಲ್ಲಿ ಎರಡು ಬಂದರೆ ಒಂದೆಂದೇ ಬರೆದುಕೊಳ್ಳುತ್ತಿದ್ದವು. ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು ಕೆಫೀನ್ ಇರುವ ರೋಬಸ್ಟಾದಂಥ ಮಾದರಿಯಲ್ಲಿ ಇದು ಸಣ್ಣ ದೋಷವಲ್ಲ: ಶಿಖರದ ಎತ್ತರ ಕುಗ್ಗುತ್ತದೆ, ತಡವಾಗಿ ಬಂದ ಅಯಾನುಗಳು ಲೆಕ್ಕಕ್ಕೆ ಸಿಗದೆ ದ್ರವ್ಯರಾಶಿಯ ಅಂಕಿಯೂ ಕೆಳಗೆ ಜಾರುತ್ತದೆ. ಸಂಕೇತದ ಎತ್ತರವನ್ನೇ ಸೆಕೆಂಡಿಗೆ ನೂರಾರು ಕೋಟಿ ಸಲ ಅಳೆಯುವ ಪರಿವರ್ತಕಗಳು ಅಗ್ಗವಾದ ಮೇಲೆ ಈ ತೊಂದರೆ ಬಹಳ ಕಡಿಮೆಯಾಗಿದೆ.

ಆಮೇಲಿನ ಪ್ರಯತ್ನವೆಲ್ಲ ದಾರಿಯನ್ನು ಉದ್ದ ಮಾಡುವುದು. ಪೃಥಕ್ಕರಣ ಸಾಮರ್ಥ್ಯವೆಂದರೆ ಒಟ್ಟು ಹಾರಾಟದ ಕಾಲವನ್ನು ಶಿಖರದ ಅಗಲದ ಎರಡರಷ್ಟರಿಂದ ಭಾಗಿಸಿದ್ದು. ಅಗಲವನ್ನು ಕುಗ್ಗಿಸುವುದು ಕಷ್ಟವಾದಾಗ ಕಾಲವನ್ನು ಹಿಗ್ಗಿಸಬೇಕು. ಒಸಾಕಾ ವಿಶ್ವವಿದ್ಯಾಲಯದವರು ಎಂಟರ ಅಂಕಿಯ ಆಕಾರದ ದಾರಿಯಲ್ಲಿ ಅಯಾನುಗಳನ್ನು ಮತ್ತೆ ಮತ್ತೆ ಸುತ್ತಿಸಿದರು. ಅಲ್ಲಿ ಹಗುರವಾದದ್ದು ಭಾರವಾದದ್ದನ್ನು ಸುತ್ತು ಹಾಕಿ ಹಿಂದಿಕ್ಕಿಬಿಡುವ ಗೊಂದಲವಿತ್ತು. ದಾರಿಯನ್ನು ಸುರುಳಿಯಾಗಿಸಿ ಜಪಾನಿನ ಜಿಯೋಲ್ ಕಂಪನಿ 17 ಮೀಟರ್ ಉದ್ದದ ಹಾರಾಟವನ್ನು ಒಂದು ಪೆಟ್ಟಿಗೆಯೊಳಗೆ ಅಡಗಿಸಿತು. ಎದುರುಬದುರಾದ ಎರಡು ಅಯಾನು ಕನ್ನಡಿಗಳ ನಡುವೆ ನೂರಾರು ಸಲ ಓಡಾಡಿಸುವ ಯಂತ್ರದಿಂದ 2013ರಲ್ಲಿ ಸರ್ನ್‌ನಲ್ಲಿ ಅಲ್ಪಾಯುಷಿ ಕ್ಯಾಲ್ಸಿಯಂ-54ರ ದ್ರವ್ಯರಾಶಿಯನ್ನು ಅಳೆದರು.

ಇಷ್ಟೆಲ್ಲ ಬಲ ಬಂದರೂ ಕಾಫಿ ಒಂದು ಕಡೆ ಈ ಯಂತ್ರವನ್ನು ತಡೆದು ನಿಲ್ಲಿಸುತ್ತದೆ. ಕಾಫಿಯ ಪ್ರಮುಖ ಕ್ಲೋರೋಜೆನಿಕ್ ಆಮ್ಲಗಳಲ್ಲಿ ಮೂರು, ಒಂದೇ ಪರಮಾಣುಗಳನ್ನು ಬೇರೆ ಬೇರೆ ಜಾಗದಲ್ಲಿ ಕಟ್ಟಿಕೊಂಡಂಥವು. ಮೂರರ ದ್ರವ್ಯರಾಶಿಯೂ 354.0951. ದಾರಿಯನ್ನು ಎಷ್ಟು ಉದ್ದ ಮಾಡಿದರೂ ಅವು ಒಟ್ಟಿಗೇ ಬರುತ್ತವೆ. ಅದಕ್ಕಾಗಿ ಈಗ ಟಿಓಎಫ್ ನಳಿಕೆಯ ಮುಂದೆ ಅನಿಲ ತುಂಬಿದ ಇನ್ನೊಂದು ಕೋಣೆಯನ್ನು ಇಡುತ್ತಾರೆ. ಅನಿಲದ ಅಣುಗಳಿಗೆ ತಾಗುತ್ತ ಸಾಗುವಾಗ ಮುದುಡಿಕೊಂಡ ಅಯಾನು ಬೇಗ ದಾಟುತ್ತದೆ, ಕೈಕಾಲು ಚಾಚಿಕೊಂಡದ್ದು ತಡವಾಗುತ್ತದೆ. ಆ ನಡಿಗೆಗೆ ಹತ್ತಾರು ಮಿಲಿಸೆಕೆಂಡ್ ಬೇಕು. ಹಿಂದಿರುವ ಟಿಓಎಫ್ ಒಂದು ಸಲ ತಳ್ಳಿ ರೋಹಿತ ಬರೆಯಲು ಸುಮಾರು 100 ಮೈಕ್ರೋಸೆಕೆಂಡ್ ಸಾಕು. ಆದ್ದರಿಂದ ಅಯಾನುಗಳ ಒಂದು ತಂಡ ಅನಿಲದ ಕೋಣೆಯನ್ನು ದಾಟಿ ಮುಗಿಸುವಷ್ಟರಲ್ಲಿ ಟಿಓಎಫ್ ನೂರಾರು ರೋಹಿತಗಳನ್ನು ಬರೆದಿರುತ್ತದೆ, ಒಂದೇ ತೂಕದ ಆಮ್ಲಗಳಲ್ಲಿ ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂಬುದು ಆ ರೋಹಿತಗಳ ಕ್ರಮಸಂಖ್ಯೆಯಲ್ಲಿ ಸಿಗುತ್ತದೆ.