ಕಿರುಚುವುದೇ ಪಾತ್ರವಾದ ಕಾಲ

ಹಳೆಯ ಕಪ್ಪು-ಬಿಳುಪು ಹಾರರ್ ಚಿತ್ರ ‘ಕಿಂಗ್ ಕಾಂಗ್’ (1933) ಶೂಟಿಂಗ್ ಮುಗಿದ ಮೇಲೂ ಅದರ ನಾಯಕಿ ಫೇ ರೇ ಅವರಿಗೆ ಒಂದು ಕೆಲಸ ಬಾಕಿ ಇತ್ತು. ರೆಕಾರ್ಡಿಂಗ್ ರೂಮಿಗೆ ಹೋಗಿ ಮೈಕ್ ಮುಂದೆ ಕಿರುಚುವುದು. ಎದುರಿಗೆ ಗೊರಿಲ್ಲಾನೂ ಇಲ್ಲ, ಕಾಡೂ ಇಲ್ಲ. ಒಂದಾದ ಮೇಲೊಂದು ಕೂಗು ಹಾಕಿ ಬಂದರು, ಆಮೇಲೆ ಅದನ್ನು ಬೇಕಾದ ಕಡೆಯೆಲ್ಲ ಸೇರಿಸಿಕೊಂಡರು. ಸಿನಿಮಾ ನೋಡಿದಾಗ ಅವರಿಗೇ ಕಿರುಚಾಟ ಜಾಸ್ತಿಯಾಯ್ತು ಅನಿಸಿತಂತೆ.

ಹಾಗಂತ ಸೆಟ್‌ನಲ್ಲಿ ಆರಾಮಾಗಿದ್ದರು ಅಂತಲ್ಲ. ದೈತ್ಯ ಗೊರಿಲ್ಲಾ ಕಾಂಗ್ ಎಷ್ಟೋ ದೃಶ್ಯಗಳಲ್ಲಿ ಒಂದೂವರೆ ಅಡಿಯ ಗೊಂಬೆ, ಆದರೆ ಅವನ ಕೈ ಒಂದನ್ನು ಮಾತ್ರ ಮನುಷ್ಯರನ್ನು ಹಿಡಿಯುವಷ್ಟು ದೊಡ್ಡದಾಗಿ ಮಾಡಿದ್ದರು. ರೇ ಅವರನ್ನು ಆ ಬೆರಳುಗಳ ನಡುವೆ ಸಿಕ್ಕಿಸಿ ಮೇಲಕ್ಕೆತ್ತುತ್ತಿದ್ದರು. ಒದ್ದಾಡಿದಷ್ಟೂ ಬೆರಳು ಸಡಿಲವಾಗುತ್ತಿತ್ತು. ಇನ್ನೇನು ಜಾರಿದೆ ಅನ್ನುವಾಗ ಕೆಳಗಿಳಿಸಿ, ಬಿಗಿ ಮಾಡಿ, ಮತ್ತೆ ಎತ್ತಬೇಕು. ಆ ಹೊಂಬಣ್ಣದ ಕೂದಲೂ ಅವರದಲ್ಲ, ವಿಗ್.

ವಿಚಿತ್ರ ಅಂದ್ರೆ ಹಾರರ್ ಚಿತ್ರದ ನಾಯಕಿಯರಿಗೆ ಮೊದಲಿಂದಲೂ ಕಿರುಚುವುದೇ ಕೆಲಸ ಆಗಿರಲಿಲ್ಲ. ಮೂಕಿ ಕಾಲದ ಜರ್ಮನ್ ಚಿತ್ರ ‘ನೊಸ್ಫೆರಾಟು’ (1922) ನೋಡಿ. ಗ್ರೇಟಾ ಶ್ರೋಡರ್ ಮಾಡಿದ ಎಲ್ಲೆನ್ ಪಾತ್ರ ರಕ್ತಪಿಶಾಚಿಯನ್ನು ಬೇಕಂತಲೇ ತನ್ನ ಕೋಣೆಗೆ ಬರಮಾಡಿಕೊಂಡು, ಕೋಳಿ ಕೂಗುವವರೆಗೂ ಅಲ್ಲೇ ಹಿಡಿದಿಡುತ್ತದೆ. ಬಿಸಿಲು ಬಿದ್ದು ಅವನು ಸಾಯುತ್ತಾನೆ, ಅವಳೂ ಸಾಯುತ್ತಾಳೆ. ಅಂದರೆ ಗಂಡಸರ ಕೈಲಾಗದ್ದನ್ನು ಮಾಡಿದವಳು ಅವಳೇ ಅಲ್ವಾ? ಶಬ್ದ ಬಂದ ಮೇಲೆ ಈ ಧೈರ್ಯ ಎಲ್ಲೋ ಹೋಯಿತು, ಗಂಟಲೊಂದು ಉಳಿಯಿತು ಅಂತ ನನ್ನ ಲೆಕ್ಕ.

1931ರಲ್ಲಿ ಯೂನಿವರ್ಸಲ್ ಸ್ಟುಡಿಯೋ ‘ಡ್ರಾಕುಲಾ’ ಮತ್ತು ‘ಫ್ರಾಂಕೆನ್‌ಸ್ಟೈನ್’ ಎರಡನ್ನೂ ತಂದಿತು. ‘ಫ್ರಾಂಕೆನ್‌ಸ್ಟೈನ್’ನಲ್ಲಿ ಮೇ ಕ್ಲಾರ್ಕ್ ಮದುವೆ ಡ್ರೆಸ್‌ನಲ್ಲೇ ರಾಕ್ಷಸನನ್ನು ಕಂಡು ಕಿರುಚಿ, ಮಂಚದ ಮೇಲೆ ಬಿದ್ದುಕೊಳ್ಳುತ್ತಾರೆ. ‘ಡ್ರಾಕುಲಾ’ದ್ದು ಇನ್ನೊಂದು ಕಥೆ. ಹಗಲು ಇಂಗ್ಲಿಷ್ ತಂಡ ಶೂಟಿಂಗ್ ಮಾಡಿ ಮನೆಗೆ ಹೋದ ಮೇಲೆ ಅದೇ ಸೆಟ್‌ನಲ್ಲಿ ರಾತ್ರಿಯೆಲ್ಲ ಅದೇ ಕಥೆಯನ್ನು ಸ್ಪ್ಯಾನಿಷ್‌ನಲ್ಲಿ ತೆಗೆಯುವ ಇನ್ನೊಂದು ತಂಡದ ಕೆಲಸ. ಅದರ ನಾಯಕಿ ಮೆಕ್ಸಿಕೋದ ಲುಪಿಟಾ ಟೋವಾರ್. ಅವರ ಪಾತ್ರದಲ್ಲಿ ಇಂಗ್ಲಿಷಿನ ಹೆಲೆನ್ ಚಾಂಡ್ಲರ್ ಪಾತ್ರಕ್ಕಿಂತ ಹೆಚ್ಚು ಜೀವ ಇದೆ. ಟೋವಾರ್ 106 ವರ್ಷ ಬದುಕಿ 2016ರಲ್ಲಿ ತೀರಿಕೊಂಡರು.

ಗ್ಲೋರಿಯಾ ಸ್ಟುವರ್ಟ್ ಅವರದು ತಮಾಷೆ. ‘ದಿ ಓಲ್ಡ್ ಡಾರ್ಕ್ ಹೌಸ್’ (1932) ಮಾಡುವಾಗ, ಮಳೆಯಲ್ಲಿ ನೆನೆದು ಪಾಳು ಮನೆ ಸೇರಿದವಳು ತೆಳು ಬಿಳಿ ಗೌನ್ ಯಾಕೆ ಹಾಕಿಕೊಳ್ಳಬೇಕು ಅಂತ ನಿರ್ದೇಶಕ ಜೇಮ್ಸ್ ವೇಲ್ ಅವರನ್ನೇ ಕೇಳಿದರಂತೆ. ಹೆದರಿಸುವ ಪಾತ್ರದ ನಟ ಬೋರಿಸ್ ಕಾರ್ಲಾಫ್ ಅಟ್ಟಿಸಿಕೊಂಡು ಬರುವಾಗ ನೀನು ಬಿಳಿ ಜ್ವಾಲೆ ಥರ ಕಾಣಬೇಕು ಅನ್ನೋದು ಅವರ ಉತ್ತರ. ಕಪ್ಪು-ಬಿಳುಪಿನ ಲೆಕ್ಕಕ್ಕೆ ಅದು ಸರಿಯೇ. ಇದೇ ಸ್ಟುವರ್ಟ್ ‘ಟೈಟಾನಿಕ್’ನ ಅಜ್ಜಿಯಾಗಿ 87ನೇ ವಯಸ್ಸಿನಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದರು.

ವೇಲ್ ಅವರೇ ಮಾಡಿದ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ (1935) ನನಗೆ ಎಲ್ಲಕ್ಕಿಂತ ಇಷ್ಟ. ಎಲ್ಸಾ ಲ್ಯಾಂಚೆಸ್ಟರ್ ಆ ರಾಕ್ಷಸನಿಗೆಂದೇ ಸೃಷ್ಟಿಸಿದ ವಧುವಾಗಿ ಬರುವುದು ಕೊನೆಯ ಕೆಲವೇ ನಿಮಿಷ. ಟೈಟಲ್ ಕಾರ್ಡಿನಲ್ಲಿ ಆ ಪಾತ್ರದ ಎದುರು ಹೆಸರೂ ಇಲ್ಲ, ಬರೀ ಪ್ರಶ್ನೆ ಚಿಹ್ನೆ. ತಲೆ ಮೇಲೆ ತಂತಿಯ ಬುಟ್ಟಿಯಂಥದ್ದನ್ನು ಇಟ್ಟು, ಕೂದಲನ್ನು ಅದರ ಮೇಲೆ ಎಳೆದು ನಿಲ್ಲಿಸಿ, ಎರಡೂ ಕಡೆ ಬಿಳಿ ಮಿಂಚಿನ ಗೆರೆ. ತಲೆಯನ್ನು ಹಕ್ಕಿಯ ಹಾಗೆ ಚಕ್ಕನೆ ಅತ್ತಿತ್ತ ತಿರುಗಿಸುತ್ತಾಳೆ. ತನಗಾಗಿ ಹುಡುಕಿಟ್ಟ ಗಂಡನನ್ನು ನೋಡಿ ಮೊದಲು ಕಿರುಚುತ್ತಾಳೆ, ಕೊನೆಗೆ ಬುಸುಗುಡುತ್ತಾಳೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಹಂಸಗಳು ಸಿಟ್ಟು ಬಂದಾಗ ಮಾಡುವ ಸದ್ದು ಅದು, ಅಲ್ಲಿಂದಲೇ ಕಲಿತೆ ಅಂತ ಲ್ಯಾಂಚೆಸ್ಟರ್ ಹೇಳಿಕೊಂಡಿದ್ದರು. ಉಳಿದವರ ಕಿರುಚಾಟದಲ್ಲಿ ಬರೀ ಹೆದರಿಕೆ. ಈ ಬುಸುಗುಡುವುದರಲ್ಲಿ ‘ಒಲ್ಲೆ’ ಅನ್ನೋದೂ ಇದೆ.

ಅದಾದ ಮೇಲೆ ಹೆಣ್ಣೇ ಹೆದರಿಸುವ ಪಾತ್ರಗಳೂ ಬಂದವು. 1936ರಲ್ಲಿ ಗ್ಲೋರಿಯಾ ಹೋಲ್ಡನ್ ಡ್ರಾಕುಲಾನ ಮಗಳಾದರು. ‘ಕ್ಯಾಟ್ ಪೀಪಲ್’ (1942) ಚಿತ್ರದ ಸಿಮೋನ್ ಸಿಮೋನ್ ಮಾತ್ರ ಬೇರೆಯೇ ರೀತಿ. ಸಿಟ್ಟು ಬಂದರೆ ತಾನು ಚಿರತೆಯಾಗಿಬಿಡುತ್ತೇನೆ ಅಂತ ನಂಬಿರುವ ಹೊಸ ಹೆಂಡತಿ. ಮೆತ್ತಗಿನ ದನಿ, ನೋಡಿದರೆ ಪಾಪ ಅನಿಸಬೇಕು. ಅದರಲ್ಲಿ ಜೇನ್ ರ‍್ಯಾಂಡಾಲ್ಫ್ ಮಾಡಿದ ಪಾತ್ರ ರಾತ್ರಿ ಒಬ್ಬಳೇ ನಡೆದು ಬರುತ್ತಾಳೆ. ಹಿಂದೆ ಹೈ ಹೀಲ್ಸ್ ಸದ್ದು. ಆಮೇಲೆ ಅದೂ ನಿಲ್ಲುತ್ತದೆ. ಗುರ್ ಅಂತ ಏನೋ ಮೇಲೆ ಬಿದ್ದ ಹಾಗಾಗುತ್ತದೆ, ನೋಡಿದರೆ ಬಂದು ನಿಂತ ಬಸ್ಸಿನ ಬ್ರೇಕ್! ಈ ದೃಶ್ಯದಲ್ಲಿ ಯಾರೂ ಕಿರುಚುವುದೇ ಇಲ್ಲ. ನಿರ್ಮಾಪಕ ವ್ಯಾಲ್ ಲ್ಯೂಟನ್ ಹೆಸರಲ್ಲಿ ಈ ಉಪಾಯಕ್ಕೆ ಇವತ್ತಿಗೂ ‘ಲ್ಯೂಟನ್ ಬಸ್’ ಅಂತಲೇ ಅನ್ನುತ್ತಾರೆ.

‘ಸೈಕೋ’ (1960) ಬಗ್ಗೆ ಬೇಕಾದಷ್ಟು ಬರೆದಾಗಿದೆ. ಜಾನೆಟ್ ಲೀ ಅವರ ಪಾತ್ರ ಸ್ನಾನ ಮಾಡುವಾಗ ಕೊಲೆಯಾಗುವ ದೃಶ್ಯಕ್ಕೆ ಏಳು ದಿನ ಹಿಡಿಯಿತು, ಹರಿದ ರಕ್ತ ಚಾಕೊಲೇಟ್ ಸಿರಪ್. ಎರಡು ವರ್ಷ ಕಳೆದು ಬೆಟ್ಟಿ ಡೇವಿಸ್ ‘ವಾಟ್ ಎವರ್ ಹ್ಯಾಪನ್ಡ್ ಟು ಬೇಬಿ ಜೇನ್?’ನಲ್ಲಿ ತಮ್ಮ ಮೇಕಪ್ ತಾವೇ ಮಾಡಿಕೊಂಡರು. ಈ ಜೇನ್ ಮುಖ ತೊಳೆಯುವವಳಲ್ಲ, ದಿನಾ ಹಳೆಯದರ ಮೇಲೆ ಇನ್ನೊಂದು ಪದರ ಬಳಿಯುವವಳು ಅನ್ನೋದು ಅವರ ತರ್ಕ. ಚಿತ್ರ ಓಡಿತು. ವಯಸ್ಸಾದ ನಾಯಕಿಯರಿಗೆ ಕೆಲಸ ಸಿಕ್ಕಿತು, ಆದರೆ ಹುಚ್ಚು ಮುದುಕಿಯ ಪಾತ್ರದಲ್ಲಿ. ಖುಷಿಪಡಬೇಕೋ ಬೇಡವೋ ಗೊತ್ತಾಗುವುದಿಲ್ಲ.

ಕಪ್ಪು-ಬಿಳುಪು ಮುಗಿಯುವ ಹೊತ್ತಿಗೆ, 1968ರಲ್ಲಿ, ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಬಂತು. ಜೂಡಿತ್ ಓಡೇ ಮಾಡಿದ ಬಾರ್ಬ್ರಾ ಎದ್ದು ಬಂದ ಹೆಣಕ್ಕೆ ಹೆದರಿ ಸ್ಮಶಾನದಿಂದ ಓಡಿ ಬಂದು ಒಂದು ಮನೆ ಸೇರುತ್ತಾಳೆ. ಉಳಿದವರು ಕಿಟಕಿಗೆ ಹಲಗೆ ಹೊಡೆಯುತ್ತಿದ್ದರೆ ಅವಳು ಹೆಚ್ಚು ಹೊತ್ತು ಸೋಫಾದ ಮೇಲೆ ಮಾತೇ ಬಾರದವಳ ಹಾಗೆ ಕೂತಿರುತ್ತಾಳೆ. 1990ರಲ್ಲಿ ಇದೇ ಕಥೆಯನ್ನು ಮತ್ತೆ ತೆಗೆದಾಗ ಮೂಲ ನಿರ್ದೇಶಕ ಜಾರ್ಜ್ ರೊಮೆರೊ ಚಿತ್ರಕಥೆ ತಿದ್ದಿ ಅವಳ ಕೈಗೆ ಬಂದೂಕು ಕೊಟ್ಟರು. ಅಷ್ಟರಲ್ಲಿ ಸಿನಿಮಾ ಕಲರ್ ಆಗಿತ್ತು.